ಸಕಾರದ ಕೆಳಗಿನ ಚುಕ್ಕಿ

ಫೆಬ್ರುವರಿ ಹನ್ನೊಂದು, ಬೆಳಿಗ್ಗೆ 8.40. ಬೈಲಹೊಂಗಲದ ತ್ರ್ಯಂಬಕ ಠಾಣೆಗೆ ಬಂದು ದೂರು ಕೊಟ್ಟ. ಮುರಗೋಡದಲ್ಲಿ ಅವನ ತಾಯಿ ಯಮುನಾಬಾಯಿ ಅಡುಗೆಮನೆ ಹೊಸ್ತಿಲ ಮೇಲೆ ತಲೆ ಒಡೆದು ಸತ್ತಿದ್ದರು. ಅವರ ಜೊತೆಗಿದ್ದ ಮಗಳು, ತ್ರ್ಯಂಬಕನ ತಂಗಿ ಸುಚೇತಾ ಹಿಂದಿನ ದಿನ ಸವದತ್ತಿಗೆ ಹೋಗಿದ್ದಳು. ಮುದುಕಿಯ ಕೈಯ ಎರಡು ಬಂಗಾರದ ಪಾಟ್ಲಿ ಬಳೆ ಕಾಣೆಯಾಗಿದ್ದವು.

“ಪಾಟ್ಲಿಗೆ ಗುರುತು ಏನರ ಇದ್ದಾವೇನ್ರಿ?” ಹೆಡ್ ಕಾನ್‌ಸ್ಟೆಬಲ್ ಅಮೋಘಸಿದ್ದಪ್ಪ ಕೇಳಿದ.

“ಒಳಗ ಪತ್ತಾರನ ಅಚ್ಚು ಅದರಿ. ‘ಸ’ ಅಕ್ಷರ, ಕೆಳಗೊಂದು ಚುಕ್ಕಿ.”

ಅಮೋಘಸಿದ್ದಪ್ಪನಿಗೆ ಸಮಾಧಾನವಾಯಿತು. ಗುರುತು ಕೇಳಿದರೆ ‘ಹಳದಿ ಬಣ್ಣ’ ಎನ್ನುವವರನ್ನೇ ಅವನು ಇಪ್ಪತ್ತು ವರ್ಷ ಕಂಡಿದ್ದ. ಎಫ್‌ಐಆರ್‌ನಲ್ಲಿ ಚುಕ್ಕಿಯನ್ನೂ ಬಿಡದೆ ಬರೆದ.

ಹದಿಮೂರರಂದು ಯಮುನಾಬಾಯಿಯ ಹೊಲದಲ್ಲಿ ದುಡಿಯುವ ಲಕ್ಷ್ಮಣನ ಮನೆ ಶೋಧಿಸಿದಾಗ ಜೋಳದ ಚೀಲದೊಳಗೆ ಎರಡು ಪಾಟ್ಲಿ ಸಿಕ್ಕವು. ಒಳಗೆ ‘ಸ’ ಅಚ್ಚು.

“ಅವು ನಮ್ಮ ಅತ್ತೀವ್ರಿ ಸಾಹೇಬ್ರ! ಮಗಳ ಮದುವಿಗಿ ಇಟ್ಟೇವಿ,” ಎಂದು ಲಕ್ಷ್ಮಣನ ಹೆಂಡತಿ ಕರೆವ್ವ ಕಾಲಿಗೆ ಬಿದ್ದಳು. ಲಕ್ಷ್ಮಣ ಗಡಗಡ ನಡುಗಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಎಂದು ಇನ್ಸ್‌ಪೆಕ್ಟರ್ ನಿಜಗುಣಪ್ಪ ನಕ್ಕರು. ತ್ರ್ಯಂಬಕ ನೋಡಿದ ಕೂಡಲೇ “ನಮ್ಮವ್ವನವರಿ” ಎಂದ.

“ಚುಕ್ಕಿ ಇಲ್ಲಲ್ರಿ?” ಅಮೋಘಸಿದ್ದಪ್ಪ ಕೇಳಿದ.

“ಸವದಿರಬೇಕು.”

ಲಕ್ಷ್ಮಣ ಲಾಕಪ್ ಸೇರಿದ. ಮರುದಿನ ಕೊಲೆ ಆರೋಪಿಯೆಂದು ಕೋರ್ಟಿಗೆ ಒಯ್ಯಬೇಕು. ಅಮೋಘಸಿದ್ದಪ್ಪನಿಗೆ ಊಟ ಸೇರಲಿಲ್ಲ. ಅಕ್ಷರದ ಮೂಲೆಗಳು ಇನ್ನೂ ಚೂಪಾಗಿರುವಾಗ ಚುಕ್ಕಿಯೊಂದೇ ಸವೆಯುವುದುಂಟೇ? ಸಾಹೇಬರನ್ನು ಕಾಡಿ ಬೇಡಿ ಪಾಟ್ಲಿಯೊಂದಿಗೆ ಬೈಲಹೊಂಗಲದ ಸತ್ಯಪ್ಪ ಪತ್ತಾರನ ಬಂಗಾರದ ಅಂಗಡಿಗೆ ಹೋದ.

ಸತ್ಯಪ್ಪ ಭೂತಗನ್ನಡಿಯಲ್ಲಿ ನೋಡಿ, ಹಳೆಯ ಪೆಟ್ಟಿಗೆಯಿಂದ ಉಕ್ಕಿನ ಅಚ್ಚೊಂದನ್ನು ತೆಗೆದ. “ನಮ್ಮಪ್ಪ ಸಂಗಪ್ಪನ ಅಚ್ಚು ಇದು. ಎಪ್ಪತ್ತೊಂಬತ್ತರಾಗ ಕಲ್ಲಿನ ಮ್ಯಾಲೆ ಬಿದ್ದು ಚುಕ್ಕಿ ಇರೂ ತುದಿ ಮುರೀತ್ರಿ. ಚುಕ್ಕಿ ಇದ್ದದ್ದು ಮೊದಲಿಂದು, ಇಲ್ಲದ್ದು ಆಮ್ಯಾಲಿಂದು.”

ಯಮುನಾಬಾಯಿಯ ಮದುವೆ ಆದದ್ದು ಅರವತ್ತಾರರಲ್ಲಿ. ಅಲ್ಲಿಗೆ ಲಕ್ಷ್ಮಣನ ಮನೆಯ ಪಾಟ್ಲಿ ಅವರದ್ದಲ್ಲ. ಅಮೋಘಸಿದ್ದಪ್ಪ ಅಲ್ಲಿಂದ ನೇರ ಸುಚೇತಾಳ ಬಳಿ ಹೋದ.

“ಅವ್ವನ ಪಾಟ್ಲಿ ಒಳಗ ಚುಕ್ಕಿ ಇತ್ತೇನ್ರಿ?”

“ನಮಗ ಹ್ಯಾಂಗ ಗೊತ್ತಾಗಬೇಕ್ರಿ? ಮದುವ್ಯಾಗ ತೊಟ್ಟದ್ದು ಕೈ ಬಿಟ್ಟಿಲ್ಲ. ಅಪ್ಪ ಹೋದಾಗ ಗಾಜಿನ ಬಳಿ ತಗದ್ರು, ಇವು ಎಣ್ಣಿ ಹಚ್ಚಿದ್ರೂ ಬರಲಿಲ್ಲ. ಒಳಮೈ ಯಾರೂ ನೋಡಿಲ್ಲ.”

ಅಮೋಘಸಿದ್ದಪ್ಪ ಠಾಣೆಗೆ ಮರಳಿ ಶವಪರೀಕ್ಷೆಯ ವರದಿ ತೆಗೆಸಿ ಮತ್ತೆ ಓದಿದ. ಸತ್ತ ಮೇಲೆ, ಪಾಟ್ಲಿ ಎಳೆದು ತೆಗೆಯಲು, ಎರಡೂ ಹೆಬ್ಬೆರಳ ಬುಡದ ಮೂಳೆ ಮುರಿಯಲಾಗಿತ್ತು.

ಹದಿನಾಲ್ಕು, ಬೆಳಿಗ್ಗೆ 10.15. ನಿಜಗುಣಪ್ಪ ತ್ರ್ಯಂಬಕನನ್ನು ಎದುರಿಗೆ ಕೂರಿಸಿಕೊಂಡರು.

“ಚುಕ್ಕಿ ಯಾವಾಗ ನೋಡಿದ್ರಿ?”

“ಸಣ್ಣಾವಿದ್ದಾಗ.”

“ನೀವು ಹುಟ್ಟೂಕಿಂತ ಮೊದಲಿಂದ ಅವು ಕೈಯಾಗ ಅದಾವ. ಯಾವಾಗ ನೋಡಿದ್ರಿ?”

ಹನ್ನೊಂದೂವರೆಗೆ ಪಂಚರ ಸಮಕ್ಷಮ ತ್ರ್ಯಂಬಕನ ಮನೆಯ ಶೋಧ ನಡೆಯಿತು. ಹೋದ ವರ್ಷ ತೀರಿಕೊಂಡ ಅವನ ಹೆಂಡತಿ ಮಾಲಾಳ ಫೋಟೋ ಹಿಂದೆ, ಹೊಲಿಸದ ಖಣದ ಬಟ್ಟೆಯಲ್ಲಿ ಸುತ್ತಿದ ಪಾಟ್ಲಿಗಳಿದ್ದವು. ‘ಸ’, ಕೆಳಗೆ ಚುಕ್ಕಿ.

ಪಂಚನಾಮೆ ಬರೆಯುತ್ತಿರುವಾಗ ಅವನೇ ಮಾತಾಡಿದ.

“ಬ್ಯಾರೆ ಜಾತಿ ಅಂತ ಅವ್ವ ಇಕಿನ್ನ ಮೂವತ್ತು ವರ್ಷ ಮನಿ ತುಂಬಿಸಿಕೊಳ್ಳಲಿಲ್ಲ. ಸೊಸಿಗೆ ಪಾಟ್ಲಿ ತೊಡಸೂದು ನಮ್ಮಲ್ಲಿ ಪದ್ಧತಿ. ಇಕಿ ತೀರಿಕೊಂಡ ವರ್ಷಾಂತಕದ ದಿನ ಫೋಟೋ ಮುಂದರ ಇಡತೇನಿ, ಕೊಡು ಅಂದೆ. ‘ಆಕಿ ಹೆಣಕ್ಕೂ ಕೊಡೂದಿಲ್ಲ’ ಅಂದ್ಲು. ದೂಡಿದೆ. ಹೊಸ್ತಿಲಕ್ಕ ತಲಿ ಬಡೀತು.”

“ಲಕ್ಷ್ಮಣ ಏನ್ ಮಾಡಿದ್ದ?” ಅಮೋಘಸಿದ್ದಪ್ಪ ಕೇಳಿದ.

“ಅವು ಅವ್ವನವಲ್ಲ ಅಂದಿದ್ರ ನೀವು ಇವನ್ನ ಹುಡುಕತಿದ್ರಿ.”

ಆವರೆಗೆ ಅಮೋಘಸಿದ್ದಪ್ಪನಿಗೆ ಅಯ್ಯೋ ಎನಿಸುತ್ತಿತ್ತು. ಈ ಮಾತು ಕೇಳಿ ಆ ಕರುಣೆಯೂ ಬತ್ತಿತು. 12.50ಕ್ಕೆ ತ್ರ್ಯಂಬಕನನ್ನು ಬಂಧಿಸಿ, ಪಾಟ್ಲಿಗಳಿಗೆ ಅರಗಿನ ಮುದ್ರೆ ಒತ್ತಿದರು.

ಫೋಟೋವನ್ನು ಮತ್ತೆ ಮೊಳೆಗೆ ಸಿಕ್ಕಿಸಿದ್ದು ಅಮೋಘಸಿದ್ದಪ್ಪನೇ. ಮಾಲಾ ಮದುವೆಯ ಸೀರೆಯಲ್ಲಿ ಕೈಕಟ್ಟಿ ನಿಂತಿದ್ದಳು. ಎರಡೂ ಕೈಗಳಲ್ಲಿ ಹಸಿರು ಗಾಜಿನ ಬಳೆಗಳಷ್ಟೇ ಇದ್ದವು.