ಬ್ಯಾಂಕಾಕಿಗೆ ಎಷ್ಟು ತಾಸು?

“ಬ್ಯಾಂಕಾಕ್ ಎಷ್ಟು ದೂರ ಐತಿ?” ಫೋನಿನಲ್ಲಿ ವಿಜಯಮಹಾಂತೇಶ ಕೇಳಿದ.

ಸುಧಾರಾಣಿಯ ಮೈ ಉರಿಯಿತು. 2006ರ ಆ ವಾರವಷ್ಟೇ, ಅವಳು ಕೆಲಸ ಮಾಡುವ ರಾಣೆಬೆನ್ನೂರಿನ ಬೀಜದ ಕಂಪನಿ ಅವಳನ್ನು ಬ್ಯಾಂಕಾಕಿನಲ್ಲಿ ಮೂರು ತಿಂಗಳ ತರಬೇತಿಗೆ ಆರಿಸಿತ್ತು. ಅವಳ ಊರು ಮೇಡ್ಲೇರಿಯ ಮಂದಿಯೆಲ್ಲ ಕೇಳಿದ್ದು ಇದೇ ಪ್ರಶ್ನೆ. ಮದುವೆ ನಿಶ್ಚಯವಾದ ಹುಡುಗನೂ ಅದನ್ನೇ ಕೇಳಬೇಕೆ?

“ಹೋಗಬ್ಯಾಡ ಅನ್ನೂದಿದ್ರ ನೆಟ್ಟಗ ಅನ್ರಿ. ದೂರದ ಲೆಕ್ಕ ಯಾಕ?” ಎಂದವಳೇ ಫೋನ್ ಇಟ್ಟಳು.

ಭಾನುವಾರ ಬ್ಯಾಡಗಿಯಿಂದ ಕಾರು ಬಂತು. ಇಳಿದವರು ವಿಜಯನ ಸೋದರಮಾವ ಗುಡದಪ್ಪ. ತಂದೆಯಿಲ್ಲದ ವಿಜಯನನ್ನು ಸಾಕಿದವರು ಅವರೇ. ಅವರ ಮೆಣಸಿನಕಾಯಿ ಅಂಗಡಿಯಲ್ಲೇ ಅವನ ದುಡಿಮೆ. ಅವರ ಹಿಂದೆ ವಿಜಯ, ನೆಲ ನೋಡುತ್ತ. ಗಲ್ಲದ ಮೇಲೆ ಕುರುಚಲು ಗಡ್ಡ. ಚೆಂದ ಕಾಣುತ್ತಾನೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಗುಡದಪ್ಪ ಚಹಾ ಮುಟ್ಟಲಿಲ್ಲ. ಸುಧಾಳ ಅಪ್ಪನಿಗೆ ಹೇಳಿದರು: “ಸೋಮಣ್ಣಾರ, ನಮ್ಮ ಮನಿಗೆ ಬರೂ ಸೊಸಿ ಒಬ್ಬಾಕಿನ ಸಮುದ್ರ ದಾಟಿ ಹೋಗೂದು ನಮಗ ಸರಿ ಬರಂಗಿಲ್ಲ. ಹೋಗೂದಾದ್ರ ಈ ಸಂಬಂಧ ಇಲ್ಲಿಗೇ ಮುಗೀತು.”

ಅಪ್ಪ ಮಗಳು ನಿಂತಿದ್ದ ಬಾಗಿಲ ಕಡೆ ನೋಡಿದ. ಸುಧಾ ಬಾಗಿಲ ಮರೆಯಿಂದ ಈಚೆ ಬಂದಳು.

“ನಾ ಹೋಗ್ತೇನ್ರಿ.” ಅವಳು ಗುಡದಪ್ಪನವರ ಮುಖವನ್ನೇ ನೋಡಿ ಹೇಳಿದಳು. “ಮುಗೀತು ಅಂದ್ರ ಮುಗೀತ್ರಿ.”

ಗುಡದಪ್ಪ ಎದ್ದರು. “ಏಳೋ ವಿಜಯಾ.”

ವಿಜಯ ಏಳಲಿಲ್ಲ.

“ಮಾಮಾ, ನಿನ್ನೆ ಟ್ರಾವೆಲ್ಸ್‌ನವರನ್ನ ಕೇಳಿಕೊಂಡು ಬಂದೇನಿ. ಇಲ್ಲಿಂದ ಬೆಂಗಳೂರಿಗೆ ಬಸ್ಸಿನ್ಯಾಗ ಏಳು ತಾಸು. ಅಲ್ಲಿಂದ ಬ್ಯಾಂಕಾಕಿಗೆ ವಿಮಾನದಾಗ ನಾಲ್ಕು ತಾಸೂ ಇಲ್ಲ. ಪ್ರತಿ ತಿಂಗಳಾ ನನ್ನ ಅಂಗಡಿ ಕೆಲಸಕ್ಕ ಬೆಂಗಳೂರಿಗೆ ಕಳಸ್ತೀರಿ. ಅದು ದೂರ ಅನಸಲಿಲ್ಲೇನು?”

“ನೀ ಗಂಡಸು.”

“ಆಕಿ ನನಗಿಂತ ಶಾಣ್ಯಾಕಿ ಅದಾಳ.”

“ಹಂಗಾರ ನಾಳಿಂದ ಅಂಗಡಿಗೆ ಬರಬ್ಯಾಡ.”

“ಆತ್ರಿ ಮಾಮಾ.”

ಕಾರು ಧೂಳೆಬ್ಬಿಸಿ ಹೋಯಿತು. ವಿಜಯ ಊಟಕ್ಕೆ ಉಳಿದ.

ಹಿತ್ತಲಲ್ಲಿ ಅವನ ಕೈಗೆ ನೀರು ಹಾಕುತ್ತ ಸುಧಾ ಕೇಳಿದಳು, “ಮತ್ತ ಫೋನಿನ್ಯಾಗ ಯಾಕ ಹಂಗ ಕೇಳಿದ್ರಿ?”

“ಮೂರು ತಿಂಗಳು ನಿನ್ನ ನೋಡಲಾರದ ಹೆಂಗ ಇರ್ಲಿ ಅಂತ ಕೇಳಬೇಕಿತ್ತು. ನಾಚಿಕಿ ಆತು. ದೂರ ಎಷ್ಟು ಅಂದೆ.”

ತಂಬಿಗೆಯ ನೀರು ಅವನ ಕಾಲ ಮೇಲೆ ಸುರಿಯಿತು. ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು.

“ಅಂಗಡಿ ಹೋತಲ್ರಿ.”

“ಬ್ಯಾಡಗ್ಯಾಗ ಮೆಣಸಿನಕಾಯಿ ಅಂಗಡಿಗೆ ಬರಗಾಲ ಏನು?” ಅವನು ನಕ್ಕ. ಆ ನಗುವಿನ ಅಂಚಿನಲ್ಲಿ ಅಂಜಿಕೆಯೂ ಇತ್ತು. ಅದನ್ನು ಕಂಡು ಸುಧಾಗೆ ಅವನು ಮೊದಲಿಗಿಂತ ಹೆಚ್ಚು ತನ್ನವನು ಅನ್ನಿಸಿತು.

ಅವಳು ಹೊರಡುವ ಹೊತ್ತಿಗೆ ವಿಜಯ ಬೇರೊಂದು ಅಂಗಡಿ ಸೇರಿದ್ದ. ಗುಡದಪ್ಪ ಅವನೊಡನೆ ಇನ್ನೂ ಮಾತಾಡಿರಲಿಲ್ಲ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಸೋಮಣ್ಣ ಎರಡು ಟಿಕೀಟು ತೆಗೆಸಿ ಭಾವೀ ಅಳಿಯನ ಕೈಗಿಟ್ಟ. “ವಿಮಾನ ಹತ್ತೂತನಕ ನೀವ ಜೋಡಿ ಹೋಗ್ರಿ.”

ಬಸ್ಸು ಹರಿಹರ ದಾಟಿತು. ಮುಂದಿನ ಸೀಟಿನ ಹೆಂಗಸು ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದಳು.

“ನಮ್ಮ ಮಾಮಾನ ಓಣಿಯಾಕಿ,” ವಿಜಯ ಪಿಸುಗುಟ್ಟಿದ. “ಊರಿಗೆಲ್ಲ ಸುದ್ದಿ ಮುಟ್ಟಸ್ತಾಳ.”

“ಲಗೂನ ಮುಟ್ಟಸ್ಲಿ,” ಎಂದು ಸುಧಾ ಹಾಡಹಗಲಲ್ಲೇ ಅವನ ಭುಜಕ್ಕೆ ತಲೆಯಾನಿಸಿದಳು.