ಅನೂಪನ ಗಟ್ಟಿ ಕಾಂಕ್ರೀಟು

"ಆಂಟಿ, ನಾನು ಸುಳ್ಳು ಫಲಿತಾಂಶ ಬರೆದಿಲ್ಲ" ಎಂದು ಗಗನಾ ರೋಹಿಣಿ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಗೆ ಬಂದು ಅತ್ತಾಗ, ದೇಚಮ್ಮ ಮೊದಲು ಅವಳ ಕೈಗೆ ಕಾಫಿ ಕೊಟ್ಟಳು. ಸೇನೆಯಿಂದ ಮೇಜರ್ ಆಗಿ ನಿವೃತ್ತಳಾದ ಈ ಕೊಡಗಿನವಳೇ ನಮ್ಮ ಸೊಸೈಟಿಯ ಪತ್ತೇದಾರಿ. ಅವಳ ಹಿಂದೆ ತಿರುಗುವ ಪಕ್ಕದ ಮನೆಯ ರತ್ನಪ್ರಭಾ ನಾನು.

ಗಗನಾ ವಿಶ್ವವಿದ್ಯಾಲಯದ ಸಿವಿಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕೆಡವಿದ ಸರಕಾರಿ ಕ್ವಾರ್ಟರ್ಸಿನ ಇಟ್ಟಿಗೆ ಚೂರು ಬೆರೆಸಿ ಕಾಂಕ್ರೀಟು ಮಾಡುವುದು ಅವಳ ಕೆಲಸ. ಮೊದಲ ಸಲ ಅಚ್ಚಿನಲ್ಲಿ ಎರೆದ ಕಾಂಕ್ರೀಟು ಗಟ್ಟಿಗಳು ಒಳ್ಳೆಯ ಭಾರ ತಡೆದಿದ್ದವು. ಎರಡನೆಯ ಸಲದವನ್ನು, ಅವಳು ಜ್ವರದಲ್ಲಿ ಮಲಗಿದ್ದಾಗ ಯಂತ್ರದಲ್ಲಿ ಒತ್ತಿ ನೋಡಿದರೆ, ಪುಡಿಪುಡಿ. ಮೊದಲಿನದು ಕಟ್ಟುಕಥೆ ಎಂದು ಪ್ರೊಫೆಸರ್ ಚಂದ್ರಮೋಹನ ತೀರ್ಮಾನಿಸಿಬಿಟ್ಟರು. ಸೋಮವಾರ ಸಮಿತಿ ಸೇರಿ ಅವಳ ಸೀಟು ರದ್ದು ಮಾಡುವುದಿತ್ತು.

"ಸೋಮವಾರ ನಾವೂ ಬರ್ತೀವಿ ಅಂತ ಹೇಳು. ಅದಕ್ಕೆ ಮುಂಚೆ ಲ್ಯಾಬ್ ತೋರಿಸು" ಎಂದಳು ದೇಚಮ್ಮ.

ಲ್ಯಾಬಿನಲ್ಲಿ ಇನ್ನಿಬ್ಬರು ಸಂಶೋಧಕರಿದ್ದರು. ಶ್ರೇಯಸ್ ಕಾಂಕ್ರೀಟಿಗೆ ಪ್ಲಾಸ್ಟಿಕ್ ಎಳೆ ಬೆರೆಸುವವನು. ಅನೂಪ್ ವಿದ್ಯುತ್ ಸ್ಥಾವರದ ಬೂದಿ ಬೆರೆಸುವವನು. ಅವತ್ತು ಯಂತ್ರ ನಡೆಸಿದ್ದು ಶ್ರೇಯಸ್. ಇಟ್ಟಿಗೆ ಹಾಕಿದರೆ ಇನ್ನೇನಾಗುತ್ತೆ ಎಂದು ಮೂಗು ಮುರಿದ. ಅನೂಪನೋ, ಪಾಪ, ನಮಗೆ ಚಹಾ ತರಿಸಿ ಗಗನಾಳ ಜ್ವರ ಹೇಗಿದೆ ಎಂದು ಕೇಳಿದ. ನನ್ನ ಅನುಮಾನ ಎತ್ತ ಹೋಯಿತೆಂದು ಬೇರೆ ಹೇಳಬೇಕೆ?

ದೇಚಮ್ಮ ಮಾತ್ರ ಒಡೆದ ಚೂರುಗಳೆಲ್ಲಿ ಎಂದು ಕೇಳಿ, ಹಿತ್ತಲಿನ ರಾಶಿಯ ಮುಂದೆ ನನ್ನನ್ನೂ ಕೂರಿಸಿದಳು. ಒಳ್ಳೆಯ ಸೀರೆ ಉಟ್ಟಿದ್ದೆ, ಕರ್ಮ! ಗಗನಾಳ ಹೆಸರಿದ್ದ ಚೂರುಗಳು ಸಿಕ್ಕವು. ಹೊರಗೂ ಒಳಗೂ ಬೂದುಬಣ್ಣ, ಒಂದು ಎಳೆಯೂ ಇಲ್ಲ. ಹಳದಿ ಬಣ್ಣದಲ್ಲಿ ಬರೆದ ಹೆಸರು ಮಾತ್ರ ಮಾಸಿರಲಿಲ್ಲ.

ಹೆಸರು ಯಾವಾಗ ಬರೆಯುತ್ತೀರಿ ಎಂದು ದೇಚಮ್ಮ ಶ್ರೇಯಸ್‌ನನ್ನು ಕೇಳಿದಳು. ಅಚ್ಚು ಬಿಚ್ಚಿದ ಕೂಡಲೇ, ನೀರಿನ ತೊಟ್ಟಿಗೆ ಇಳಿಸುವ ಮುಂಚೆ. ನೆನೆದ ಮೇಲೆ ಬಣ್ಣ ಹತ್ತುವುದಿಲ್ಲ ಎಂದ. ಬಿಡುವಿದ್ದವರು ಎಲ್ಲರ ಅಚ್ಚನ್ನೂ ಬಿಚ್ಚುವುದು ಅಲ್ಲಿನ ರೂಢಿಯಂತೆ. ಎರಡನೆಯ ಸಲದ ಅಚ್ಚು ಬಿಚ್ಚಿದ ದಿನ ತಾನು ಪೀತಮ್‌ಪುರದಲ್ಲಿ ತಂಗಿಯ ನಿಶ್ಚಿತಾರ್ಥಕ್ಕೆ ಹೋಗಿದ್ದೆ, ಗಗನಾ ಪರೀಕ್ಷೆಯ ಡ್ಯೂಟಿಯಲ್ಲಿದ್ದಳು ಎಂದೂ ಗೊಣಗಿದ.

ಸೋಮವಾರ ಸಮಿತಿಯವರನ್ನು ದೇಚಮ್ಮ ಲ್ಯಾಬಿಗೇ ಕರೆಸಿದಳು. ತೊಟ್ಟಿಯಲ್ಲಿ ಅದೇ ದಿನ ಅಚ್ಚು ಬಿಚ್ಚಿದ, ಅನೂಪನ ಹೆಸರಿನ ಒಂದು ಗಟ್ಟಿ ಉಳಿದಿತ್ತು. ಅದನ್ನು ಒತ್ತಿ ಎಂದಳು. ಅನೂಪ್ ಬೇಡವೆಂದು ಏನೇನೋ ನೆಪ ಹೇಳಿದ, ಯಾರೂ ಕಿವಿಗೊಡಲಿಲ್ಲ. ಭಾರ ತೋರಿಸುವ ಯಂತ್ರದ ಮುಳ್ಳು ಏರುತ್ತಲೇ ಹೋಯಿತು. ಗಟ್ಟಿ ಒಡೆದಾಗ ಚಂದ್ರಮೋಹನರ ಮುಖ ಅರಳಿತ್ತು.

"ಮುಳ್ಳು ನೋಡಿದ್ದು ಸಾಕು ಸರ್, ಈಗ ಒಳಗೆ ನೋಡಿ" ಎಂದಳು ದೇಚಮ್ಮ.

ಒಡೆದ ಕಾಂಕ್ರೀಟಿನ ತುಂಬ ಕೆಂಪು ಇಟ್ಟಿಗೆ ಚೂರು.

ಅವಳು ಬಿಡಿಸಿ ಹೇಳಿದಳು. ಗಗನಾಳ ಹೆಸರಿನ ಚೂರುಗಳಲ್ಲಿ ಇಟ್ಟಿಗೆ ಇರಲಿಲ್ಲ, ಹಾಗಾಗಿ ಅವು ಅವಳವಲ್ಲ. ಎಳೆ ಇರಲಿಲ್ಲ, ಶ್ರೇಯಸ್‌ನವೂ ಅಲ್ಲ. ಉಳಿದವನು ಬೂದಿ ಬೆರೆಸುವವನು. ಒದ್ದೆ ಗಟ್ಟಿಗೆ ಬಣ್ಣ ಹತ್ತುವುದಿಲ್ಲವಾದ್ದರಿಂದ ಹೆಸರು ಅದಲುಬದಲಾದದ್ದು ಅಚ್ಚು ಬಿಚ್ಚಿದ ದಿನವೇ. ಅವತ್ತು ಇಲ್ಲಿ ಅನೂಪ್ ಒಬ್ಬನೇ ಇದ್ದ. "ಹೊರಗಿನಿಂದ ಎಲ್ಲ ಗಟ್ಟಿಯೂ ಒಂದೇ ಥರ. ಒಡೆದ ಮೇಲೆ ನೀವ್ಯಾರೂ ಚೂರು ನೋಡೋದಿಲ್ಲ, ಗುಡಿಸಿಬಿಡ್ತೀರಿ. ನೋಡುವ ಹುಡುಗಿ ಜ್ವರದಲ್ಲಿ ಮಲಗಿದ್ದಳು."

ತನ್ನ ಬೂದಿ ಕಾಂಕ್ರೀಟು ಪ್ರತಿಸಲ ಸೋಲುತ್ತಿತ್ತು, ಇದೇ ಕೊನೆಯ ಅವಕಾಶವೆಂದು ಸರ್ ಎಚ್ಚರಿಸಿದ್ದರು ಎಂದು ಅನೂಪ್ ನೆಲ ನೋಡುತ್ತ ಒಪ್ಪಿಕೊಂಡ. ಅವನ ಚಹಾ ಕುಡಿದ ನನ್ನ ನಾಲಿಗೆಗೆ ಕಹಿಯೆನಿಸಿತು.

ಚಂದ್ರಮೋಹನರು ರದ್ದತಿಯ ಮಾತು ಹಿಂತೆಗೆದುಕೊಂಡು, ಎಲ್ಲರೆದುರೇ ಗಗನಾಳ ಕ್ಷಮೆ ಕೇಳಿದರು. ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಒಂದು ಕೆಂಪು ಚೂರನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದಳು.

"ಈ ಇಟ್ಟಿಗೆ ನಾನು ಹುಟ್ಟಿ ಬೆಳೆದ ಕ್ವಾರ್ಟರ್ಸಿನದು ಆಂಟಿ," ಎಂದಳು. "ಎಷ್ಟು ಭಾರ ತಡೀತು ನೋಡಿದ್ರಲ್ಲ?"