ಗಿಡ್ಡವಾದ ಬಂದೂಕು

ವಿಜಯದಶಮಿಯ ಬೆಳಿಗ್ಗೆ ರಮಾನಾಥರ ಫೋನು ಬಂದಾಗ ಗುರುಸಿದ್ದಮ್ಮನವರು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ನಮ್ಮ ಊರಿನ ಕನ್ನಡದ ಮನೆಗಳಲ್ಲಿ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ, ಪೊಲೀಸರಿಗಿಂತ ಮೊದಲು ಕರೆ ಹೋಗುತ್ತಿದ್ದುದು ಅವರಿಗೇ. ಪಕ್ಕದ ಮನೆಯವನಾದ ನಾನು ಕಾರು ಓಡಿಸುತ್ತಿದ್ದೆ; ಉಳಿದಂತೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ.

ರಮಾನಾಥರು ಕುಂದಾಪುರದ ಕಡೆಯವರು, ರೂಟ್ ಒನ್ ಹೆದ್ದಾರಿಯ ಮೇಲೆ ಮೋಟೆಲ್ ನಡೆಸುತ್ತಿದ್ದರು. ಆಕಾಶಕ್ಕೆ ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವುದು ಅವರ ಭಾನುವಾರದ ಹವ್ಯಾಸ. ಅದಕ್ಕೆಂದೇ ಒಂದು ಪಂಪ್ ಬಂದೂಕು ಸಾಕಿಕೊಂಡಿದ್ದರು. ಅದರ ಕಬ್ಬಿಣದ ಪೆಟ್ಟಿಗೆಯ ಕೀಲಿ ಸದಾ ಅವರ ಜೇಬಿನಲ್ಲಿ. ಬಂದೂಕು ಒಂದು ಇಡೀ ರಾತ್ರಿ ಹೊರಗಿರುತ್ತಿದ್ದುದು ಆಯುಧಪೂಜೆಗೆ ಮಾತ್ರ, ದೇವರ ಮುಂದೆ.

ಆ ಬೆಳಿಗ್ಗೆ ನೋಡಿದರೆ, ಭುಜಕ್ಕೆ ಒತ್ತಿಕೊಳ್ಳುವ ಹಿಂಬದಿಯ ಮರವೂ ಎಡಗೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆಯುವ ಮುಂಬದಿಯ ಮರವೂ ಇರಲಿಲ್ಲ. ಅವುಗಳ ಜಾಗದಲ್ಲಿ ಕಪ್ಪು ಪ್ಲಾಸ್ಟಿಕ್ಕಿನವು ಕೂತಿದ್ದವು.

"ನನ್ನ ಬಂದೂಕು ಕದ್ದು ಯಾವುದೋ ಗಿಡ್ಡ ಬಂದೂಕು ಇಟ್ಟಿದ್ದಾನೆ ಮಾರಾಯ್ರೆ," ಎಂದು ರಮಾನಾಥರು ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ವಿನಾಯಕನತ್ತ ಬೆರಳು ತೋರಿಸಿದರು. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜು ಮಾಡುವ ವೈಟೂಕೆ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಹುಡುಗ. ಬಂದೂಕಿನ ಸಾಮಾನಿನ ಅಂಗಡಿಯೊಂದರ ಖಾಲಿ ಡಬ್ಬ ಅವನ ಕೋಣೆಯಲ್ಲಿ ಸಿಕ್ಕಿತ್ತು, ಮೇಲೆ ಅವನದೇ ಹೆಸರು. ಪೊಲೀಸ್ ಕೇಸಾದರೆ ಕಂಪನಿ ಕೈಬಿಡುತ್ತದೆ, ವೀಸಾ ಹೋಗುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಡಬ್ಬ ತರಿಸಿದ್ದು ನಾನೇ ಅಂಕಲ್. ಆದ್ರೆ ಕದ್ದಿಲ್ಲ. ಯಾಕೆ ತರಿಸಿದ್ದು ಅಂತ ಹೇಳೋ ಹಾಗಿಲ್ಲ, ಮಾತು ಕೊಟ್ಟಿದೀನಿ."

"ಯಾರಿಗೆ? ಕಳ್ಳನಿಗಾ?"

ಮನೆಯ ಮಗಳು, ಬಾಸ್ಕೆಟ್‌ಬಾಲ್ ಆಡುವ ಎತ್ತರದ ಪ್ರಣೀತಾ, "ಐ ಡಿಡಂಟ್ ಟಚ್ ಇಟ್, ಡ್ಯಾಡ್," ಎಂದು ಭುಜ ಕುಣಿಸಿದಳು. ಮನೆಯೊಡತಿ ಸ್ವರ್ಣಲತಾ ನಸುಕಿನಲ್ಲೇ ದೇವಸ್ಥಾನಕ್ಕೆ ಹೋಗಿದ್ದರು. ಅವರು ಬಂದ ಮೇಲೆ ಮಂಗಳಾರತಿ, ಆಮೇಲೆ ಗುರಿ ಹೊಡೆಯುವ ಕ್ಲಬ್ಬು ಎಂದು ಲೆಕ್ಕವಾಗಿತ್ತಂತೆ.

ಗುರುಸಿದ್ದಮ್ಮನವರು ದೇವರ ಮುಂದೆ ಕೂತು ಬಹಳ ಹೊತ್ತು ನೋಡಿದರು. ಕಲಶದ ಕೆಳಗಿನ ಅಕ್ಕಿಯಲ್ಲಿ ಒಂದು ದುಂಡನೆಯ ಗುಳಿಯಿತ್ತು. ಕಲಶ ಮಾತ್ರ ಅದರಿಂದ ಎರಡು ಬೆರಳು ಉತ್ತರಕ್ಕೆ ಸರಿದಿತ್ತು, ನೆತ್ತಿಯ ಮೇಲೆ ಹೊಸ ಅಕ್ಷತೆ. ಆಮೇಲೆ ಬಂದೂಕನ್ನು ತರಿಸಿ, ಖಾಲಿಯಿದೆಯೆಂದು ರಮಾನಾಥರಿಂದಲೇ ತೆರೆಸಿ ನೋಡಿ, ಕಬ್ಬಿಣದ ಮೇಲಿನ ನಂಬರನ್ನು ಓದಿಸಿದರು. ಅದು ಅವರ ಬಂದೂಕಿನದೇ ನಂಬರು. ಕೊನೆಗೆ ಒಬ್ಬೊಬ್ಬರೂ ಮೊಣಕೈ ಮಡಚಿ, ಬಂದೂಕಿನ ಹಿಂತುದಿಯನ್ನು ಮಡಿಕೆಗೆ ಒತ್ತಿ, ಗುಂಡು ಹಾರಿಸುವ ಕುದುರೆಯ ಕಡೆಗೆ ಬೆರಳು ಚಾಚಬೇಕೆಂದರು. ಮೂವರ ಬೆರಳೂ ಕುದುರೆಯನ್ನು ದಾಟಿ ಮುಂದೆ ಹೋಯಿತು.

ಅಷ್ಟರಲ್ಲಿ ಸ್ವರ್ಣಲತಾ ಪ್ರಸಾದ ಹಿಡಿದು ಒಳಗೆ ಬಂದರು. ಪೊಲೀಸರನ್ನು ಕರೆಯಲು ರಮಾನಾಥರ ಕೈಯಲ್ಲಿ ಆಗಲೇ ಫೋನಿತ್ತು.

"ಎಲ್ಲಾರೂ ಕೂಡ್ರಿ," ಎಂದರು ಗುರುಸಿದ್ದಮ್ಮ. "ರಮಾನಾಥ ಅವರ, ಬಂದೂಕು ನಿಮ್ಮದೇ ಐತಿ. ಬದಲಾಗಿದ್ದು ಅದರ ಹಿಡಿಗಳಷ್ಟ. ಕದಿಯಾಂವ ಹೊಸಾದು ಹಾಕಿ ಹೋಗೂದಿಲ್ರಿ. ಬಂದೂಕಿನ ಹಿಂಭಾಗ ಹಿಡಿಯವರ ಮೊಣಕೈಗೆ ಹೊಂದಬೇಕು. ಇದು ನಿಮಗೂ ಗಿಡ್ಡ, ಹುಡುಗಗೂ ಗಿಡ್ಡ, ಮಗಳಿಗೂ ಗಿಡ್ಡ. ಅಂದಮ್ಯಾಲೆ ಯಾರಿಗೆ ಸರಿಹೋಗ್ತೈತಿ?"

ಗುರುಸಿದ್ದಮ್ಮನವರು ದೇವರ ಕಡೆಗೆ ಕೈ ತೋರಿಸಿದರು.

"ಇನ್ನ ಕಲಶ. ಪೂಜಾಕ್ಕ ಇಟ್ಟ ಆಯುಧ ಮುಟ್ಟೂಕಿಂತ ಮೊದಲು ಅಕ್ಷತೆ ಹಾಕಿ, ಕಲಶ ಉತ್ತರಕ್ಕ ಸರಿಸಿ, ತಾಯಿ ಅಪ್ಪಣೆ ಬೇಡ್ಯಾರ. ಕಳ್ಳರು ಅಪ್ಪಣೆ ಬೇಡೂದಿಲ್ಲ. ಈ ಮನ್ಯಾಗ ಆ ಪದ್ಧತಿ ಕೈಯಾಗ ಇರೂದು ಒಬ್ಬರಿಗಷ್ಟ. ಹಂಗ ಅಪ್ಪಣೆ ಕೇಳಿದಾಕಿ ಹಳೇ ಮರಾನೂ ಒಗದಿರೂದಿಲ್ಲ. ಸೀರಿ ಕಪಾಟಿನ್ಯಾಗ ನೋಡ್ರಿ."

ಸ್ವರ್ಣಲತಾ ಪ್ರಸಾದದ ತಟ್ಟೆ ಕೆಳಗಿಟ್ಟರು. "ಆ ಹುಡುಗನಿಗೆ ಎಂತ ಹೇಳಿದ್ರಿ ನೀವು? ಕಂಪ್ಯೂಟರಲ್ಲಿ ಆರ್ಡರ್ ಮಾಡಿಸಿದ್ದು ನಾನು. ಯಾರಿಗೂ ಹೇಳ್ಬೇಡ ಅಂದದ್ದೂ ನಾನೇ. ಎರಡು ವರ್ಷದಿಂದ ಬುಧವಾರ ಕ್ಲಬ್ಬಿನ ಲೇಡೀಸ್ ಡೇಗೆ ಹೋಗ್ತಾ ಇದ್ದೇನೆ. ಬಂದೂಕಿನ ಲೈಸೆನ್ಸ್ ಕಾರ್ಡೂ ಮಾಡಿಸಿದ್ದೇನೆ. ಅಲ್ಲಿಯ ಬಂದೂಕಿಗೂ ನಿಮ್ಮದರ ಹಾಗೇ ಉದ್ದ ಮರ, ನನ್ನ ಭುಜ ನೀಲಿಗಟ್ತದೆ. ನಿಮ್ಮ ಹಳೆ ಮರ ಸೀರೆ ಕಪಾಟಿನಲ್ಲೇ ಉಂಟು. ಇವತ್ತು ದೇವಸ್ಥಾನದಿಂದ ಬಂದು ಹೇಳುವಾ ಅಂತಿದ್ದೆ. ಹೊಸದು ಶುರು ಮಾಡ್ಲಿಕ್ಕೆ ಇದಕ್ಕಿಂತ ಒಳ್ಳೆ ದಿನ ಯಾವುದುಂಟು?"

"ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು?"

"ನೀವು ನಗ್ತಿದ್ರಿ."

ಹಿಂತುದಿಯ ರಬ್ಬರು ಬಿಚ್ಚಿ, ಉದ್ದನೆಯ ಸ್ಕ್ರೂಡ್ರೈವರನ್ನು ಒಳಗೆ ಇಳಿಸಿ, ಬೋಲ್ಟು ಸಡಿಲಿಸಿದ್ದನ್ನು ಆಕೆ ಹೋಳಿಗೆಯ ವಿಧಾನ ಹೇಳುವಂತೆ ಹೇಳಿದರು. ನಂಬಲಾಗದೆ ರಮಾನಾಥರು ಬಂದೂಕನ್ನು ಆಕೆಯ ಕೈಗಿತ್ತರು. ಆಕೆ ಖಾಲಿಯೇ ಎಂದು ಇಣುಕಿ ನೋಡಿ, ಸೆರಗು ಸಿಕ್ಕಿಸಿ, ಭುಜಕ್ಕೇರಿಸಿದರು. ನನ್ನ ಚಿಕ್ಕಂದಿನಲ್ಲಿ ಅಜ್ಜ ರಾಗವಾಗಿ ಓದುತ್ತಿದ್ದ ಯುದ್ಧದ ಪದ್ಯಗಳಲ್ಲಿ ಆಯುಧ ಎತ್ತುವವರೆಲ್ಲ ಗಂಡಸರು. ನನಗೆ ತಿಳಿಯದೆಯೇ ಎದ್ದು ನಿಂತಿದ್ದೆ.

ರಮಾನಾಥರು ಫೋನು ಇಟ್ಟು ವಿನಾಯಕನ ಎದುರು ಹೋದರು. "ತಪ್ಪಾಯ್ತು ಮಾರಾಯ. ಮನೆಯವನಾಗಿ ನಾನು ಕಾಣದ ಗುಟ್ಟನ್ನು ನೀನು ಕಾಪಾಡಿದೆ."

ಮಧ್ಯಾಹ್ನ ಕ್ಲಬ್ಬಿನ ಬಯಲಿನಲ್ಲಿ ಬಿಲ್ಲೆ ಹಾರಿಸುವ ಯಂತ್ರದ ಹಗ್ಗವನ್ನು ಅವರು ಹುಡುಗನ ಕೈಗೇ ಕೊಟ್ಟರು. ಹುಡುಗ ಅದನ್ನು ಜೋರಾಗಿ ಎಳೆದ. ಕಿತ್ತಳೆ ಬಣ್ಣದ ಬಿಲ್ಲೆ ನೀಲಿಗೆ ಏರಿತು, ಸ್ವರ್ಣಲತಾರ ಬಂದೂಕು ಸದ್ದು ಮಾಡಿತು, ಗಾಳಿಯಲ್ಲಿ ಬರೀ ಪುಡಿ ಉಳಿಯಿತು. ರಮಾನಾಥರು ಕೈಮುಗಿದದ್ದು ಆಕಾಶಕ್ಕೋ ಹೆಂಡತಿಗೋ ನನಗೆ ತಿಳಿಯಲಿಲ್ಲ.